ಅಂಗೈಯೊಳಗಿನ ಗುಹೆ

೧೪ ಜುಲೈ, ಭಾನುವಾರ

ನನ್ನ ಚಿನಕುರುಳಿ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದ ಅಕ್ಕನಿಗೆ ಮನಸಾರೆ ಬೈದಿರುತ್ತೀಯ. ಸಾಲದಿದ್ದರೆ ಇನ್ನೆರಡು ಸೇರಿಸಿಕೋ. ಅಕ್ಷರಗಳು ಕುಂಬಳಕಾಯಿ ಗಾತ್ರ ಆಗಿವೆ ಎಂದು ಮಾತ್ರ ನಗಬೇಡ. ದಪ್ಪ ಪೆನ್ನು ಕೈಗೆ ಸಿಕ್ಕಿತು, ಅದರಲ್ಲೇ ಬರೆಯುತ್ತಿದ್ದೇನೆ.

ಮಗಳಿಗೆ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಕೊಡಿಸಲೇ, ಟಿವಿಯಲ್ಲಿ ಆಡುವ ದೊಡ್ಡ ಆಟಗಳು ಅದರಲ್ಲಿ ಸರಿಹೋಗುತ್ತವೆಯೇ ಎಂದು ಕೇಳಿದ್ದೀಯ. ಈಗಲೇ ಫೋನನ್ನು ಮೂಗಿಗೆ ಅಂಟಿಸಿಕೊಂಡು ಆಡುತ್ತಾಳೆ, ಬೈದು ಬೈದು ಸಾಕಾಯಿತು ಎಂದೂ ಬರೆದಿದ್ದೀಯ. ಕೇಳಿ ಕೇಳಿ ನನ್ನನ್ನೇ ಕೇಳಿದೆಯಲ್ಲ! ಅದೇ ಪ್ರಶ್ನೆಯಿಂದ ಇಲ್ಲಿ ನನ್ನ ಕೆಲಸಕ್ಕೇ ಕುತ್ತು ಬಂದಿದೆ.

ನಮ್ಮ ಕಂಪನಿಯ ಗುಹೆಯ ಆಟ ಗೊತ್ತಲ್ಲ, ಟಿವಿಗೆಂದು ಮಾಡಿದ್ದು. ಅದನ್ನೀಗ ಫೋನು, ಗೇಮ್ ಯಂತ್ರಗಳ ಅಂಗೈಯಗಲದ ಪರದೆಗೆ ಇಳಿಸುತ್ತಿದ್ದಾರೆ. ಆಡಿ ನೋಡಿ ತಪ್ಪು ಹುಡುಕುವವಳು ನಾನು. ನಾನು ಸೈ ಅನ್ನದೆ ಆಟ ಹೊರಗೆ ಹೋಗುವಂತಿಲ್ಲ. ಫೋನಿನಲ್ಲಿ ಹೆಬ್ಬೆರಳೇ ದಾರಿಯನ್ನು ಮುಚ್ಚುತ್ತದೆ ಎಂದೆ. ಸೋಫಾದಲ್ಲಿ ಕಾಲು ಚಾಚಿ ಆಡುವ ಕಥೆಯನ್ನು ಬಸ್ಸಿನಲ್ಲಿ ಆಡುವವರು ತಮ್ಮ ಸ್ಟಾಪು ಬಂದರೆ ಎಲ್ಲಿ ನಿಲ್ಲಿಸಬೇಕು ಎಂದೆ. ಅಷ್ಟನ್ನೂ ಒಪ್ಪಿ ಸರಿಮಾಡಿದರು. ಜಗಳ ಹತ್ತಿದ್ದು ಅಕ್ಷರಗಳಿಗೆ. ಸಾಸಿವೆ ಕಾಳಿನಷ್ಟಿವೆ, ಓದಲಾಗದು ಎಂದೆ. ನಮ್ಮ ಚಿತ್ರಗಾರ ದೊಡ್ಡದು ಮಾಡಿದ. ಸಾಲದು ಎಂದೆ. ಮತ್ತೆ ಮಾಡಿದ. ಆಗಲೂ ಸಾಲದು ಎಂದೆ.

ಶುಕ್ರವಾರ ಅವನ ತಾಳ್ಮೆ ಕೆಟ್ಟಿತು. ಮೀಟಿಂಗಿನಲ್ಲಿ ಯಂತ್ರವನ್ನು ಒಬ್ಬೊಬ್ಬರ ಕೈಗೂ ಕೊಟ್ಟ. ಎಲ್ಲರೂ ಮನಸ್ಸಿನಲ್ಲೇ ಓದಿಕೊಂಡು ತಲೆಯಾಡಿಸಿದರು. ಕೊನೆಗೆ ನನ್ನ ಮುಂದೆ ಹಿಡಿದು, "ನೀವು ಜೋರಾಗಿ ಓದಿ ಮೇಡಂ," ಎಂದ. ನನಗೇನು, ಆ ಸಾಲು ಟಿವಿಯಲ್ಲಿ ನೂರು ಸಲ ನೋಡಿ ಬಾಯಿಪಾಠ. ದೀಪ ಹಿಡಿದು ಎಡಕ್ಕೆ ಹೋಗು ಎಂದು ಪಟಪಟನೆ ಹೇಳಿಬಿಟ್ಟೆ.

ನಮ್ಮ ಬಾಸ್ ಯಂತ್ರವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. "ಆ ಸಾಲು ಈಗಿಲ್ಲಮ್ಮ. ಅಕ್ಷರ ದೊಡ್ಡದಾದ ಮೇಲೆ ಪರದೆಯಲ್ಲಿ ಹಿಡಿಯಲಿಲ್ಲ, ಬದಲಾಯಿಸಿದ್ವಿ," ಎಂದರು. ಪರದೆಯ ಮೇಲಿದ್ದದ್ದು ದೀಪ ಆರಿಸು ಎಂಬ ಎರಡೇ ಮಾತಂತೆ. ಬೆಳಕು ಕಣ್ಣಿಗೆ ಹೊಡೆಯಿತು ಎಂದು ಏನೋ ತೊದಲಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದೇ ಅವರಿಗೆಲ್ಲ ಅನಿಸಿರಬೇಕು. ನಾಳೆ ನಾನು ಸೈ ಅನ್ನಬೇಕು, ಇಲ್ಲವೇ ಕಾರಣ ಹೇಳಬೇಕು.

ನಾವಿಬ್ಬರೂ ಆಡುವಾಗ ಅಮ್ಮ ಟಿವಿಯ ಗಾಜಿಗೆ ಮೂಗು ತಾಗಿಸಿ ಕೂರುತ್ತಿದ್ದಳಲ್ಲ. ಒಳಗೇ ಹೋಗಿಬಿಡ್ತೀಯಾ ಎಂದು ಎಷ್ಟು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು. ನೀವು ಮೂವರೂ ನೂರು ಕಾಲ ಚೆನ್ನಾಗಿರಿ.

ನಿನ್ನ
ಅಕ್ಕ

ತಾ.ಕ.: ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ನಿನ್ನೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ತಪ್ಪು ಯಂತ್ರದ್ದಲ್ಲ. ಅಮ್ಮನ ಕಣ್ಣೇ ನನಗೂ ಬಂದಿದೆ. ನಡುವಿನಿಂದ ಮಸುಕಾಗುತ್ತ ಹೋಗುತ್ತದಂತೆ, ಕನ್ನಡಕಕ್ಕೂ ಬಗ್ಗದಂತೆ. "ಮನೇಲಿ ಇನ್ಯಾರಾದ್ರೂ ಮುಖದ ಹತ್ತಿರ ಹಿಡ್ಕೊಂಡು ನೋಡ್ತಾರಾ?" ಎಂದು ಕೇಳಿದರು. ನಿನ್ನ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಮಗಳಿಗೆ ಇನ್ನು ಬೈಯಬೇಡ ಕಣೇ. ಈ ಪತ್ರ ಸಿಕ್ಕ ದಿನವೇ ಅವಳನ್ನು ಕರೆದುಕೊಂಡು ಹೋಗು.