ನಾನಿಗೆ ಮಾಡಿದ ಪರೀಕ್ಷೆ

ಮುಜಮ್ಮಿಲ್,

ನಾನು ಚನ್ನಗಿರಿಗೆ, ಕಾಲೇಜಿಗೆ ಹೊರಟೆ. ನಾನಿಯ ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿ ಕೊಡು. ಬಿಪಿ ಮಾತ್ರೆಯನ್ನು ನೀನೇ ಅವರ ಕೈಗೆ ಕೊಡು. "ಆಗ್ಲೇ ತಗೊಂಡ್ರಾ?" ಎಂದು ಮಾತ್ರ ಕೇಳಬೇಡ.

ಭಾನುವಾರ ನೀನು ಊರಲ್ಲಿರಲಿಲ್ಲ. ಹೊನ್ನಾಳಿಯಿಂದ ಖಾಲಾ ತಮ್ಮ ತಾಯಿಯನ್ನು ನೋಡಲು ಬಂದಿದ್ದರು. ನಮ್ಮ ಮನಶ್ಶಾಸ್ತ್ರದ ಪಾಠದಲ್ಲಿರುವ ನೆನಪಿನ ಪರೀಕ್ಷೆಯನ್ನು ನಾನು ಅವರೆದುರೇ ನಾನಿಗೆ ಮಾಡಿದೆ. ಹತ್ತು ಪದ ಓದಿದೆ, ಅವನ್ನು ತಿರುಗಿ ಹೇಳಿ ಎಂದೆ. ನಾನಿ ಎರಡು ಹೇಳಿ, ಸೆರಗು ತಿರುಚುತ್ತಾ ಕುಳಿತರು. ನಾನು ನಗುತ್ತಾ ನೋಟ್‌ಬುಕ್ಕಿನಲ್ಲಿ ಅಂಕ ಬರೆದೆ. ಖಾಲಾನೂ ನಕ್ಕರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು, ಇನ್ನೊಮ್ಮೆ ಓದಿದೆ.

ಅಂದಿನಿಂದ ನಾನಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿಲ್ಲ. ಮೊಬೈಲಿನಿಂದ ತಲೆ ಎತ್ತಿದ್ದರೆ ನಿನಗೂ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಅವರ ಕೈ ಹಿಡಿದು, ತಪ್ಪಾಯಿತು ಎಂದೆ. "ಒಂದ್ಸಲ ನನ್ನ ಹೆಸರು ಕರೀರಿ, ನಾನಿ" ಎಂದೆ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

"ತಪ್ಪಾದ್ರೆ ಬುಕ್ಕಲ್ಲಿ ಬರ್ಕಂತೀಯೇನು, ಬೇಟಿ?" ಎಂದು ಕೇಳಿದರು.

ಅದಕ್ಕೇ ಹೇಳುತ್ತಿದ್ದೇನೆ, ಅವರ ಕೋಣೆಗೆ ಹೋದ ಕೂಡಲೇ "ಮುಜಮ್ಮಿಲ್ ಬಂದೀನಿ, ನಾನಿ" ಎಂದು ನೀನೇ ಹೇಳಿಬಿಡು. ಅವರು ನಿನ್ನ ಹೆಸರು ಹುಡುಕುವಂತೆ ಮಾಡಬೇಡ.

ನಿನ್ನ ಅಕ್ಕ ಶಾಯಿಸ್ತಾ