ಕಳ್ಳಿಬೇಲಿಯ ಹಣ್ಣು

ರಿಂಕೋನ್, ಬೋನೇರ್
೧೯ ಜೂನ್ ೧೯೮೧

ನನ್ನ ಸೆಫೆರಿನಾ,

ಮಂಡಿನೋವು ಹೇಗಿದೆ? ಕುರಸಾವೊದ ನೀರು ಒಗ್ಗಿತೆ? ಮಗಳೂ ಅವಳಿ ಕೂಸುಗಳೂ ಕ್ಷೇಮವೆ? ನಾನು ಕ್ಷೇಮ. ಈ ವಾರದ ನಷ್ಟವನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ: ಬೇಲಿಯ ಹಣ್ಣು ಪೂರ್ತಿ, ಒಂದು ಅಂಗಿ, ಎಡಗೈಯಲ್ಲಿ ಹದಿನೇಳು ಮುಳ್ಳು, ಪಕ್ಕದ ಮನೆ ದೊರೊಟೆಯಾಳ ಮಾವಿನ ಮರದ ಅರ್ಧ ಫಸಲು.

ಫೆಬ್ರವರಿಯಿಂದ ಹನಿ ಬಿದ್ದಿಲ್ಲ. ಗಾಳಿ ಮಾತ್ರ ಧಾರಾಳ. ಗುಡ್ಡದ ಕಳ್ಳಿಗಳ ತೊಗಟೆಯನ್ನು ಕತ್ತೆಗಳು ಕೆರೆದು ತಿಂದಿವೆ. ಆಡುಗಳು ಉದುರಿದ ಎಲೆಯನ್ನೂ ಬಿಟ್ಟಿಲ್ಲ. ಈ ಓಣಿಯಲ್ಲಿ ಕಳ್ಳಿಹಣ್ಣು ಉಳಿದದ್ದು ನಮ್ಮ ಬೇಲಿಯಲ್ಲೇ. ಮದುವೆಯಾದ ವರ್ಷ ನೀನು ಎರಡು ವಾರ ನೆರಳಲ್ಲಿ ಒಣಗಿಸಿ ನೆಟ್ಟ ತುಂಡುಗಳು ಈಗ ಸೂರು ದಾಟಿವೆ. ಹಣ್ಣು ಕೆಂಪಾದದ್ದೇ ತಡ, ಗುಡ್ಡದ ಹಳದಿ ಭುಜದ ಗಿಣಿಗಳು ಬಂದಿಳಿದವು. ಎಣಿಸಿದೆ, ಇಪ್ಪತ್ತಮೂರು.

ಹೆದರಿಕೆ ಹುಟ್ಟಿದ್ದು ಆಗ. ನಮ್ಮ ಪಡಸಾಲೆಯ ಗಿಣಿಯ ರೆಕ್ಕೆ ಕತ್ತರಿಸುವುದು ಯಾವಾಗಲೂ ನಿನ್ನ ಕೆಲಸ. ಮಗಳ ಬಾಣಂತನಕ್ಕೆ ಮೂರು ವಾರವೆಂದು ಹೋದವಳು ಇನ್ನೇನು ಬರುತ್ತೀಯಲ್ಲ ಎಂದು ನಾನು ಕತ್ತರಿ ಮುಟ್ಟಲಿಲ್ಲ. ಎಂಟು ತಿಂಗಳಲ್ಲಿ ಗರಿ ಪೂರಾ ಬೆಳೆದಿತ್ತು. ದಿನವೂ ಮಧ್ಯಾಹ್ನ ಅದು ನಿನ್ನದೇ ದನಿಯಲ್ಲಿ "ಎಲೀ, ಸಾರು ಆರ್ತಾ ಇದೆ, ಬಾ!" ಎಂದು ಕೂಗುತ್ತಿತ್ತು, ನಾನು ಎದ್ದು ಕೈ ತೊಳೆಯುತ್ತಿದ್ದೆ. ಆ ಗುಂಪಿನ ಜೊತೆ ಇದೂ ಹಾರಿಹೋದರೆ? ಬುದ್ಧಿವಂತನಲ್ಲವೆ ನಾನು? ಉದ್ದನೆಯ ಕೋಲು ಹಿಡಿದು ಬೇಲಿಯ ಹಣ್ಣನ್ನೆಲ್ಲ ಬಡಿದು ಉದುರಿಸಿದೆ. ಅಂಗಿ ಹರಿದದ್ದೂ ಮುಳ್ಳು ನೆಟ್ಟದ್ದೂ ಆಗಲೇ. ಹಣ್ಣಿಲ್ಲದಿದ್ದರೆ ಗುಂಪು ಗುಡ್ಡ ಸೇರುತ್ತದೆ ಎಂಬ ಲೆಕ್ಕ.

ಅವು ಹೋದದ್ದು ದೊರೊಟೆಯಾಳ ಮಾವಿಗೆ. ನಮ್ಮದೂ ಹಿಂದೆಯೇ. ಮರುದಿನ ಮಧ್ಯಾಹ್ನ ಆಕೆ ಬೇಲಿಯಾಚೆಯಿಂದ ಕಿರುಚಿದಳು: "ಎಲೀಯಣ್ಣಾ, ನಿನ್ ಹೆಂಡ್ತಿ ನನ್ ಮರ ಹತ್ತಿ ಕೂತು ನಿನ್ನ ಊಟಕ್ಕೆ ಕರೀತಿದಾಳೆ. ಬಂದ್ ಇಳಿಸ್ಕೊಂಡ್ ಹೋಗು!" ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಮಾವಿನ ಹೋಳು ಹಿಡಿದು ಆ ಮರದ ಕೆಳಗೆ ಹೊತ್ತು ಮುಳುಗುವವರೆಗೆ ನಿಂತೆ. ಇಳಿಯಲಿಲ್ಲ.

ಕೂಸುಗಳಿಗೆ ಮುತ್ತು. ದೇವರು ನಿನ್ನ ಮಂಡಿಗೆ ಬಲ ಕೊಡಲಿ.

ನಿನ್ನ
ಎಲಿಖಿಯೋ

ತಾ.ಕ.: ನಿನ್ನೆ ಗುಂಪು ಗುಡ್ಡಕ್ಕೆ ಮರಳಿತು, ಅದೂ ಹೋಯಿತು. ಈಗ ನನ್ನನ್ನು ಊಟಕ್ಕೆ ಕರೆಯುವವರಿಲ್ಲ. ಮುಂದಿನ ಶುಕ್ರವಾರದ ಹಡಗಿಗೆ ಬಂದು ನಿನ್ನನ್ನು ಕರೆದುಕೊಂಡು ಬರಲೆ? ಬರುವುದಿಲ್ಲವೆಂದಾದರೆ ಹಾಗೆಂದೇ ಬರೆ, ಕಾಯುವುದು ತಪ್ಪುತ್ತದೆ. ಸದ್ಯಕ್ಕೆ ಆಡುಗಳಿಗೆ ಹಣ್ಣು ಸಿಕ್ಕಿತು, ಗಿಣಿಗೆ ಬಳಗ, ದೊರೊಟೆಯಾಗೆ ವರ್ಷಕ್ಕಾಗುವಷ್ಟು ಮಾತು, ಮಗಳಿಗೆ ನೀನು. ನನಗೆ ಬೇಲಿ.