ಏಳು ಗಂಟೆಯ ನೀರು, ಆರು ದಿನದ ಕಾಗದ

ಮಾನ್ಯ ಗಡಿ ಸಹಕಾರ ಅಧಿಕಾರಿಗಳೇ,

ಹವಾಮಾನ ಬದಲಾವಣೆಯನ್ನು ಎರಡೂ ದೇಶಗಳು ಒಟ್ಟಾಗಿ ಎದುರಿಸಬೇಕೆಂದು ನೀವು ಸಹಿ ಹಾಕಿದ ದಿನದಿಂದ ನಮ್ಮ ನದಿಯ ಮೇಲಿನವರಿಗೂ ಕೆಳಗಿನವರಿಗೂ ಮಾತು ನಿಂತಿದೆ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಪತ್ರಿಕೆಯಲ್ಲಿ ಬರೆಯಬೇಕೇ, ಕಚೇರಿಗೆ ಬಂದು ಹೇಳಬಾರದೇ ಎಂದು ನೀವು ಕೇಳಬಹುದು. ಬಂದಿದ್ದೆ, ಎರಡು ಸಲ. ನಿಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಮೊದಲ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಊಟದ ಹೊತ್ತಾಗಿ ಬಾಗಿಲು ಹಾಕಿದರು. ಸಾಹಿತ್ಯ ಓದಿದವಳು ನಾನು. ಬಾಯಿಗಿಂತ ಕೈ ಸ್ವಲ್ಪ ಧೈರ್ಯದ್ದು.

ನದಿ ಗಡಿ ದಾಟಿ ಬರುವ ತಿರುವಿನಲ್ಲಿ ನನ್ನ ಅಳತೆ ಕೋಣೆಯಿದೆ. ಒಂದು ಮೇಜು, ಒಂದು ಕುರ್ಚಿ, ಒಂದು ಫೋನು. ಕಿಟಕಿಯಾಚೆ ನೀರಿನಲ್ಲಿ ನೆಟ್ಟ, ಅಡಿ ಗುರುತು ಹಾಕಿದ ಕಂಬ. ಗಡಿಯಾಚೆ ಇಂಥದೇ ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇಂಥದೇ ಕಂಬ ನೋಡುತ್ತಾರೆ. ಅಲ್ಲಿಂದ ಹೊರಟ ನೀರು ಏಳು ಗಂಟೆಯಲ್ಲಿ ನನ್ನನ್ನು ಮುಟ್ಟುತ್ತದೆ. ಅವರ ಮುಖ ನಾನು ಕಂಡಿಲ್ಲ. ಅಕ್ಕ ಎನ್ನುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಅವರ ಫೋನು ಬಂದೇ ಬರುತ್ತಿತ್ತು.

"ಎದ್ದಿದೀಯೇನೇ? ಬರ್ಕೋ, ಒಂಬತ್ತೂವರೆ ಅಡಿ. ಮದುವೆ ಗಿದುವೆ ಮಾಡ್ಕೊಳ್ಳೋದು ಬಿಟ್ಟು ಆ ಕಂಬ ನೋಡ್ಕೊಂಡು ಕೂತಿದೀಯಲ್ಲ."

"ನೀವೂ ಕಂಬಾನೇ ನೋಡ್ತಿರೋದಲ್ವಾ ಅಕ್ಕಾ?"

"ನಾನು ಮದುವೆ ಮಾಡ್ಕೊಂಡು ನೋಡಿದ ಮೇಲೆ ಕಂಬಾನೇ ವಾಸಿ ಅಂತ ಬಂದವಳು ಕಣೇ."

ಇಡೀ ದಿನದಲ್ಲಿ ನಾನು ನಗುತ್ತಿದ್ದದ್ದು ಆ ಐದು ನಿಮಿಷ. ಇದನ್ನು ಯಾವ ಒಪ್ಪಂದವೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನಿಮ್ಮ ಸುತ್ತೋಲೆ ಬಂತು: ನೌಕರರು ನೇರ ಸಂಪರ್ಕ ಮಾಡಕೂಡದು, ಮಾಹಿತಿಯೆಲ್ಲ ಸೂಕ್ತ ಮಾರ್ಗದ ಮೂಲಕವೇ ಹೋಗತಕ್ಕದ್ದು. ಅಕ್ಕ ಕೊನೆಯ ಸಲ ಮಾತಾಡಿದರು. "ನಮಗೂ ಕಾಗದ ಬಂದಿದೆ. ಎರಡು ಸರ್ಕಾರದ್ದೂ ಒಂದೇ ದಿನ ಬಂತು ನೋಡು. ಸಹಕಾರ ಅಂದ್ರೆ ಇದೇ ಇರ್ಬೇಕು."

ಸ್ವಾಮೀ, ಸೂಕ್ತ ಮಾರ್ಗ ಎಂದರೆ ಏನೆಂದು ನಾನು ಲೆಕ್ಕ ಹಾಕಿದ್ದೇನೆ. ಅಕ್ಕನ ಕೋಣೆಯಿಂದ ಅವರ ಜಿಲ್ಲೆಗೆ, ಅಲ್ಲಿಂದ ಅವರ ರಾಜಧಾನಿಗೆ, ನಮ್ಮ ರಾಜಧಾನಿಗೆ, ನಿಮ್ಮ ಮೇಜಿಗೆ, ಕಡೆಗೆ ನನಗೆ: ಆರು ದಿನ. ನದಿಗೆ ಮಾತ್ರ ಈ ಸುತ್ತೋಲೆ ತಲುಪಿದಂತಿಲ್ಲ. ಮುಂಚೆ ನೀರು ಏರುವ ತಿಂಗಳು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಈಗ ಬಿಸಿಲು ಸುಡುವ ತಿಂಗಳಲ್ಲೂ ಅರ್ಧ ದಿನದಲ್ಲಿ ಹತ್ತಡಿ ಏರುತ್ತದೆ. ಹವಾಮಾನ ಬದಲಾಗಿದೆ ಎಂದು ನಿಮ್ಮದೇ ಒಪ್ಪಂದದ ಮೊದಲ ಸಾಲು ಹೇಳುತ್ತದೆ. 'ಸೂಕ್ತ ಮಾರ್ಗ' ಎನ್ನುವ ಎರಡನೆಯ ಸಾಲನ್ನು ಬರೆದವರು ಮೊದಲನೆಯದನ್ನು ಓದಿರಲಿಲ್ಲವೇ?

ಕಳೆದ ಮಂಗಳವಾರ ಬೆಳಿಗ್ಗೆ ಏಳಕ್ಕೆ ನೀರಿನ ಬಣ್ಣ ಸರಿಯಿರಲಿಲ್ಲ. ಅಳತೆ ಸರಿಯಿತ್ತು, ಬಣ್ಣ ಮಾತ್ರ ಕಾಫಿಯಂತಾಗಿತ್ತು. ನಾನು ಫೋನ್ ಎತ್ತಿದೆ. ಅಕ್ಕನ ನಂಬರು ನನಗೆ ಬಾಯಿಪಾಠ. ಎದುರಿನ ಗೋಡೆಯಲ್ಲಿ ನಿಮ್ಮ ಸುತ್ತೋಲೆ ಇತ್ತು, ನಾನೇ ಗೋಂದು ಹಚ್ಚಿ ಅಂಟಿಸಿದ್ದು. ಫೋನ್ ಇಟ್ಟುಬಿಟ್ಟೆ. ಈ ತಪ್ಪು ನಿಮ್ಮದಲ್ಲ, ನನ್ನದು.

ಮಧ್ಯಾಹ್ನ ಒಂದಕ್ಕೆ ನೀರು ತಗ್ಗಿನ ಬೀದಿಗೆ ನುಗ್ಗಿತು. ಅಲ್ಲಿ ನನ್ನ ಸೋದರತ್ತೆಯ ಲಾಂಡ್ರಿ; ಅದರ ಹಿಂದಿನ ಕೋಣೆಯಲ್ಲೇ ನಾವಿಬ್ಬರೂ ಇರುವುದು. ಅತ್ತೆ ಆಸ್ಪತ್ರೆಯ ಹಾಸಿಗೆ ಹೊದಿಕೆಗಳ ಗಂಟು ಹೊತ್ತು ಮಹಡಿ ಹತ್ತುವಾಗ ಮೆಟ್ಟಿಲಲ್ಲಿ ಜಾರಿದಳು. ಸೊಂಟದ ಮೂಳೆ ಮುರಿದಿದೆ. ಇನ್ನು ಮೆಟ್ಟಿಲು ಹತ್ತುವ ಮಾತಿಲ್ಲ ಎಂದರು ಡಾಕ್ಟರು. ಈಗ ಇಸ್ತ್ರಿ ಮೇಜಿನ ಪಕ್ಕ, ನೆಲಮಟ್ಟದಲ್ಲೇ ಅವಳ ಮಂಚ.

"ನೀರು ನೋಡೋಕೆ ಅಂತಲೇ ಸಂಬಳ ಕೊಡ್ತಾರಲ್ವೇನೇ ನಿಂಗೆ?" ಎಂದು ನಗುತ್ತಲೇ ಕೇಳಿದಳು. "ನಿನಗಿಂತ ಮೊದ್ಲು ನೀರೇ ಮನೆಗೆ ಬಂತಲ್ಲೇ."

ನಾನು ಅವಳ ಮಂಚದ ಕಾಲಿಗೆ ಅಂಟಿದ್ದ ಕೆಸರು ಒರೆಸಿದೆ.

ಅಕ್ಕನ ವರದಿ ಈ ಸೋಮವಾರ ಬಂತು. ಮೇಲೆ 'ತುರ್ತು' ಎಂಬ ಮೊಹರು. ಮಂಗಳವಾರ, ಬೆಳಿಗ್ಗೆ ಆರು, ಹತ್ತೊಂಬತ್ತು ಅಡಿ. ಅಂಕಿಗಳೆಲ್ಲ ಎಂದಿನಂತೆ ಟೈಪಾಗಿದ್ದವು; ಷರಾ ಎಂಬ ಕಾಲಂನಲ್ಲಿ ಮಾತ್ರ ಪುಟ್ಟ, ದುಂಡಗಿನ ಅಕ್ಷರ. ಅಕ್ಕನ ಕೈಬರಹವನ್ನು ನಾನು ನೋಡಿದ್ದು ಅದೇ ಮೊದಲು. "ಕೆಳಗಿನ ಹುಡುಗಿಗೆ ಈಗಲೇ ಫೋನ್ ಮಾಡಿ. ಅವಳ ಅತ್ತೆಯ ಅಂಗಡಿ ತಗ್ಗಿನಲ್ಲಿದೆ." ಅದರ ಮೇಲೆ ಯಾರೋ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ನಮೂನೆಗೆ ಸಂಬಂಧಿಸಿಲ್ಲ' ಎಂದು ಬರೆದಿದ್ದಾರೆ.

ಗೆರೆ ಯಾವ ದೇಶದ್ದೆಂದು ನಾನು ಕೇಳುವುದಿಲ್ಲ. ಎರಡೂ ಕಡೆ ಒಂದೇ ಬಣ್ಣದ ಶಾಯಿ ಇರಬಹುದು. ಕೇಳುವುದು ಇಷ್ಟು: ಅಷ್ಟೊಂದು ಜನ ಓದಿದ ಆ ಎರಡು ವಾಕ್ಯಗಳಲ್ಲಿ ಯಾವುದು ನಿಮಗೆ ಅರ್ಥವಾಗಲಿಲ್ಲ?

ನದಿ ಮತ್ತೆ ಏರುತ್ತದೆ. ಅತ್ತೆಯನ್ನು ಮಂಚದ ಸಮೇತ ಎತ್ತಿ ಮಹಡಿಗೆ ಒಯ್ಯಲು ನಾಲ್ಕು ಜನ ಬೇಕು. ಅವರನ್ನು ಕೂಗಿ ಕರೆಯಲು, ಬೀದಿಯ ಉಳಿದವರನ್ನು ಎಬ್ಬಿಸಲು ನನಗೆ ಆ ಏಳು ಗಂಟೆ ಬೇಕು. ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಎರಡೂ ಕೋಣೆಗಳು ದಿನಕ್ಕೊಮ್ಮೆ, ಐದು ನಿಮಿಷ, ನೇರ ಮಾತಾಡಲಿ ಎಂದು ಬರೆದುಕೊಡಿ.

ನೀವು ಬರೆಯುವ ತನಕ ನಾನು ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ನಾನೇ ಫೋನ್ ಮಾಡುತ್ತೇನೆ, ಶಿಸ್ತುಕ್ರಮ ಏನಿದ್ದರೂ ಕೈಗೊಳ್ಳಿ. ಆ ಷರಾ ಬರೆದದ್ದಕ್ಕೆ ಅಕ್ಕನನ್ನು ಅಲ್ಲಿ ಉಳಿಸಿದ್ದಾರೋ ಇಲ್ಲವೋ ತಿಳಿಯದು. ಫೋನ್ ಮಾಡುವುದಕ್ಕೆ ನನ್ನೊಬ್ಬಳ ಧೈರ್ಯ ಸಾಕು. ಆ ಕಡೆ ಯಾರಾದರೂ ಎತ್ತಿಕೊಳ್ಳುವುದಕ್ಕೆ ಮಾತ್ರ, ಮಾನ್ಯರೇ, ನಿಮ್ಮ ಸಹಕಾರ ಬೇಕು.

ಇಂತಿ,
ಸೂಕ್ತ ಮಾರ್ಗ ತಪ್ಪಿದ,
ಕೆಳದಂಡೆಯ ತಾತ್ಕಾಲಿಕ ಅಳತೆಗಾರ್ತಿ